ಕಂಪ್ಯೂಟರ್ ಕೋಣೆಗೆ ಕಾಲು ತೊಳೆದು ಬರಬೇಕು

ನಾನು ಒಂಬತ್ತನೇ ತರಗತಿಗೆ ಬಂದ ವರ್ಷ ನಮ್ಮ ಹೈಸ್ಕೂಲಿಗೆ ಕಂಪ್ಯೂಟರ್ ಬಂತು. ತೊಂಬತ್ತರ ದಶಕದ ನಡುವಿನ ಮಾತು. ನೆಲಮಂಗಲದ ಸುತ್ತಲ ಹಳ್ಳಿಗಳಿಂದ ನಡೆದೋ ಬಸ್ಸು ಹಿಡಿದೋ ಬರುತ್ತಿದ್ದ ನಮಗೆ ಟೀವಿಯೇ ಇನ್ನೂ ಪಕ್ಕದ ಮನೆಯ ವಸ್ತುವಾಗಿತ್ತು. ಬೆಂಗಳೂರಿನ ಯಾವುದೋ ಆಫೀಸಿನವರು ತಮಗೆ ಹಳತಾದ ಯಂತ್ರಗಳನ್ನು ದಾನ ಕೊಟ್ಟಿದ್ದರು. ಗೋಣಿಚೀಲ ಹೊದ್ದುಕೊಂಡು ಟೆಂಪೋದಲ್ಲಿ ಬಂದ ಅವುಗಳನ್ನು ಹೆಡ್‌ಮಾಸ್ಟರು ಮುಂದೆ ನಿಂತು ಇಳಿಸಿಕೊಂಡರು, ನಮ್ಮ ಕೈಯಲ್ಲಿ ಆರತಿ ಎತ್ತಿಸಿದರು, ಆಮೇಲೆ ಹಿಂಬದಿಯ ಮೂಲೆ ಕೋಣೆಗೆ ಸೇರಿಸಿ ಬೀಗ ಹಾಕಿದರು.

ಅದು ಮೊದಲು ಮುರಿದ ಬೆಂಚು ತುಂಬುವ ಕೋಣೆ. ಧೂಳು ಬರಬಾರದೆಂದು ಕಿಟಕಿಗಳಿಗೆ ಪ್ಲೈವುಡ್ ಬಡಿದಿದ್ದರು. ಕಿಟಕಿ ತೆರೆದಿದ್ದ ಕಾಲದಲ್ಲಿ ದೂರಕ್ಕೆ ಶಿವಗಂಗೆ ಬೆಟ್ಟ ಕಾಣುತ್ತಿತ್ತು. ಈಗ ಮಟಮಟ ಮಧ್ಯಾಹ್ನದಲ್ಲೂ ಒಳಗೆ ಕತ್ತಲೆ. ಕಡಪ ಕಲ್ಲಿನ ನೆಲ ಬೇಸಗೆಯಲ್ಲೂ ತಣ್ಣಗೆ ಕೊರೆಯುತ್ತಿತ್ತು. ಕಬ್ಬಿಣದ ಟೇಬಲ್ಲುಗಳ ಮೇಲೆ ಯಂತ್ರಗಳು, ಅವುಗಳ ಕಪ್ಪು ಗಾಜಿನಲ್ಲಿ ಮಿಣುಕುವ ಹಸಿರು ಅಕ್ಷರಗಳು. ಬಾಗಿಲ ಪಕ್ಕದ ಗೋಡೆಯಲ್ಲಿ ಮೇನ್ ಸ್ವಿಚ್ಚು, ಅದರ ಕೆಳಗೆ ಗುಂಯ್ ಎನ್ನುತ್ತ ಕೂತಿರುತ್ತಿದ್ದ ಸ್ಟೆಬಿಲೈಸರ್. ಅದು ಆಗಾಗ ಟಕ್ ಎಂದು ಸದ್ದು ಮಾಡುತ್ತಿತ್ತು. ಪ್ರತಿ ಸಲವೂ ನಮ್ಮ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಪಾಠ ಶುರುವಾಗುವ ಮೊದಲೇ ಕಟ್ಟಳೆಗಳು ಶುರುವಾದವು. ಹೆಡ್‌ಮಾಸ್ಟರು ಅವನ್ನು ಬೆಳಗಿನ ಪ್ರಾರ್ಥನೆಯಲ್ಲಿ ಓದಿ ಹೇಳಿದರು, ಸಾಲದೆಂದು ಕೋಣೆಯ ಹೊರಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದರು. ಚಪ್ಪಲಿ ಹೊರಗೆ ಬಿಟ್ಟು ಕಾಲು ತೊಳೆದೇ ಒಳಗೆ ಬರಬೇಕು. ಒಳಗೆ ಮಾತಾಡುವಂತಿಲ್ಲ. ಕಂಪ್ಯೂಟರ್ ಕಲಿಸುವ ಸಾರ್ ಹೇಳುವ ತನಕ ಯಾವ ಗುಂಡಿಯನ್ನೂ ಒತ್ತುವಂತಿಲ್ಲ. ಕೂತ ಮೇಲೆ ಅಪ್ಪಣೆಯಿಲ್ಲದೆ ಏಳುವಂತಿಲ್ಲ. ಸ್ವಿಚ್ ಬೋರ್ಡಿನ ಹತ್ತಿರ ಸುಳಿದವರಿಗೆ ಟೀಸಿ. ಈ ಕೊನೆಯದನ್ನು ಓದುವಾಗ ಅವರು ತಲೆಯೆತ್ತಿ ನಮ್ಮನ್ನೆಲ್ಲ ಒಮ್ಮೆ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ಹಳ್ಳಿ ಮಕ್ಕಳ ಕೈಗೆ ಸಿಕ್ಕ ಇಂಥ ವಸ್ತು ಕೆಟ್ಟುಹೋದರೆ ಮತ್ತೆ ಸಿಗದು ಎಂಬ ಭಯ ಅವರಿಗೆ. ಆದರೆ ಅವರ ಭಯವೆಲ್ಲ ಯಂತ್ರಕ್ಕೆ ಏನಾಗುವುದೋ ಎಂಬುದೇ ಆಗಿತ್ತು.

ನಲ್ಲಿಯಲ್ಲಿ ಕಾಲು ತೊಳೆದು, ಒದ್ದೆ ಹೆಜ್ಜೆಯ ಗುರುತು ಮೂಡಿಸುತ್ತ ನಾವು ಸಾಲಾಗಿ ಒಳಗೆ ಹೋಗುತ್ತಿದ್ದೆವು. ನನ್ನ ಪಕ್ಕದ ಟೇಬಲ್ಲಿನಲ್ಲಿ ಅರಿಶಿನಕುಂಟೆಯಿಂದ ಬರುತ್ತಿದ್ದ ನನ್ನ ಗೆಳತಿ. ಎತ್ತರದ ಹುಡುಗಿ, ತರಗತಿಗೆ ಮೊದಲನೆಯವಳು. ಇಡೀ ಶಾಲೆಯಲ್ಲಿ ಆ ಕೋಣೆಯನ್ನು ನಿಜವಾಗಿ ಪ್ರೀತಿಸಿದವಳು ಅವಳೊಬ್ಬಳೇ ಇರಬೇಕು. ನಾವು ಒಂದೊಂದೇ ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಅವಳು ಸಾರ್ ಬರೆಸಿದ್ದನ್ನು ಮುಗಿಸಿ, ಅದನ್ನೇ ತಿರುಗಿಸಿ ಇನ್ನೇನೋ ಮಾಡಿಸಲು ನೋಡುತ್ತಿದ್ದಳು.

ಎರಡನೆಯದೋ ಮೂರನೆಯದೋ ಪಾಠದಲ್ಲಿ ನನ್ನ ಮೊಣಕೈ ಯಂತ್ರದ ತಗಡಿಗೆ ತಾಗಿ ಜುಮ್ಮೆಂದಿತು. ಇರುವೆ ಸಾಲು ಚರ್ಮದೊಳಗೆ ಹರಿದ ಹಾಗೆ. ಗೆಳತಿಯ ಕಡೆ ನೋಡಿದೆ. ಅವಳು ತುಟಿ ಅಲುಗಿಸದೆ ಪಿಸುಗುಟ್ಟಿದಳು: "ನಂಗೂ ಆಗತ್ತೆ. ಸುಮ್ನಿರೇ."

ಸುಮ್ಮನಿರಲು ನನ್ನಿಂದಾಗಲಿಲ್ಲ. ಕೈಯೆತ್ತಿ ಸಾರಿಗೆ ಹೇಳಿದೆ. ಸಾರ್ ಬೆಂಗಳೂರಿನಿಂದ ಬರುತ್ತಿದ್ದ ಎಳೆ ವಯಸ್ಸಿನವರು. ಹತ್ತಿರ ಬಂದು ತಗಡಿನ ಮೇಲೆ ಅಂಗೈಯಿಟ್ಟರು, ಬೆರಳಿನಿಂದ ತಟ್ಟಿದರು. "ಏನಿಲ್ವಲ್ಲಮ್ಮಾ! ಹೊಸದು ನೋಡು, ಭಯಕ್ಕೆ ಹಂಗನ್ಸತ್ತೆ" ಎಂದು ನಕ್ಕರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಬೂಟನ್ನು ಹೊರಗೆ ಬಿಟ್ಟರೂ ಅವರ ಕಾಲಲ್ಲಿ ದಪ್ಪನೆಯ, ಒಣಗಿದ ಕಾಲುಚೀಲಗಳಿದ್ದವು.

ಬಿಡುವಿನಲ್ಲಿ ಗೆಳತಿ ನನ್ನ ಮೇಲೆ ರೇಗಿದಳು. "ಯಾಕೆ ಹೇಳೋಕ್ ಹೋದೆ? ಹೆಡ್‌ಮಾಸ್ಟ್ರಿಗೆ ಗೊತ್ತಾದ್ರೆ ರೂಮಿಗೇ ಬೀಗ ಜಡೀತಾರೆ ಅಷ್ಟೇ. ಜುಮ್ ಅಂದ್ರೆ ಸಾಯ್ತೀವೇನೇ?"

ನನಗೆ ಉತ್ತರ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ನಮ್ಮ ಚಿಕ್ಕಪ್ಪ ರಾಗಿ ಹೊಲದ ಕಾಲುವೆಯಲ್ಲಿ ನೀರು ತಿರುವುತ್ತಿದ್ದವರು, ಹಾಗೇ ಒದ್ದೆ ಕಾಲಲ್ಲಿ ಪಂಪ್‌ಸೆಟ್ ಮನೆಗೆ ಹೋಗಿ ಸ್ಟಾರ್ಟರಿನ ಡಬ್ಬಿಗೆ ಕೈಯಿಟ್ಟಿದ್ದರು. ಊಟದ ಹೊತ್ತಾದರೂ ಬರಲಿಲ್ಲವೆಂದು ಹುಡುಕಿಕೊಂಡು ಹೋದ ಅಪ್ಪನಿಗೆ ಮೊದಲು ಅವರು ಡಬ್ಬಿಗೆ ಒರಗಿ ನಿಂತು ಏನೋ ಯೋಚಿಸುತ್ತಿರುವ ಹಾಗೆ ಕಂಡಿತಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಕರೆಂಟಿನ ಹತ್ತಿರ ಹೋಗುವವರು ಕೈಕಾಲು ಒರೆಸಿ, ಚಪ್ಪಲಿ ಮೆಟ್ಟಿಯೇ ಹೋಗಬೇಕು. ದೇವರ ಕೋಣೆಗೆ ಚಪ್ಪಲಿಯಲ್ಲಿ ಹೋದರೂ ಅವ್ವ ಬೈಯುತ್ತಿರಲಿಲ್ಲವೇನೋ, ಬರಿಗಾಲಲ್ಲಿ ಸ್ವಿಚ್ಚಿಗೆ ಕೈಯಿಟ್ಟರೆ ಕೆನ್ನೆಗೆ ಬೀಳುತ್ತಿತ್ತು.

ಸಂಜೆ ಮನೆಯಲ್ಲಿ ವಿಷಯ ತೆಗೆದೆ. ಅಪ್ಪ ಎಮ್ಮೆಗೆ ಹುಲ್ಲು ಹಾಕುತ್ತ, "ಅವ್ರು ಓದ್ದೋರು ಕಣವ್ವ. ನಮ್ಗಿಂತ ಗೊತ್ತಿರ್ತದೆ. ಮೇಷ್ಟ್ರಿಗೆ ಎದುರಾಡ್ಬ್ಯಾಡ" ಎಂದರು. ಮಾರನೆಯ ಬೆಳಗ್ಗೆ ಅವ್ವ ಜಡೆ ಹೆಣೆಯುತ್ತ ಕಿವಿಯ ಹತ್ತಿರ ಬಗ್ಗಿ ಹೇಳಿದರು: "ಕಾಲು ತೊಳ್ಕೊ ಅಂದ್ರೆ ತೊಳ್ಕೊ ಮಗಾ. ಒಳೀಕ್ ಹೋಗೋ ಮುಂಚೆ ಲಂಗದ ಅಂಚ್ನಾಗೆ ಒರೆಸ್ಕೊಂಡ್ಬುಡು. ಯಾರೂ ನೋಡಾಕಿಲ್ಲ."

ನಾನು ಹಾಗೆಯೇ ಮಾಡತೊಡಗಿದೆ. ಗೆಳತಿಗೂ ಹೇಳಿಕೊಟ್ಟೆ. ಅವಳು ಒಂದೆರಡು ದಿನ ಒರೆಸಿಕೊಂಡಳು, ಆಮೇಲೆ ಮರೆತಳು. ಮೊದಲು ಒಳಗೆ ಹೋಗಿ ಕೂರುವ ಆತುರ ಅವಳಿಗೆ.

ಹೀಗೆ ತಿಂಗಳುಗಳು ಕಳೆದವು. ಜುಮ್ಮೆನ್ನುವುದು ಕೆಲವು ದಿನ ಇರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಅಭ್ಯಾಸವಾಗಿಬಿಟ್ಟಿತು. ಹುಡುಗರಂತೂ ಅದನ್ನು ಆಟ ಮಾಡಿಕೊಂಡು ಯಾರು ಹೆಚ್ಚು ಹೊತ್ತು ಬೆರಳಿಡುತ್ತಾರೆ ಎಂದು ಪಂದ್ಯ ಕಟ್ಟುತ್ತಿದ್ದರು. ನಾನು ಮಾತ್ರ ಆ ಕೋಣೆಯ ಹೊಸ್ತಿಲು ದಾಟುವ ಮೊದಲು ಕಾಲನ್ನು ಎರಡೆರಡು ಸಲ ಒರೆಸಿಕೊಳ್ಳುತ್ತಿದ್ದೆ.

ಬೇಸಗೆ ಶುರುವಾಗುವ ಹೊತ್ತಿಗೆ ವಿದ್ಯಾಧಿಕಾರಿಗಳು ಶಾಲೆ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಕಂಪ್ಯೂಟರ್ ಕೋಣೆಯೇ ಅವರಿಗೆ ತೋರಿಸುವ ಮುಖ್ಯ ವಸ್ತು, ಯಂತ್ರ ನಡೆಸಿ ತೋರಿಸುವವಳು ನನ್ನ ಗೆಳತಿ. ಅವತ್ತು ಬೆಳಗ್ಗೆ ಅತಿಥಿಗಳಿಗೆ ಕುರ್ಚಿ ಹಾಕಲು ಜಾಗ ಬೇಕೆಂದು ಟೇಬಲ್ಲುಗಳನ್ನು ಎಳೆದಾಡಿದರು. ಗೆಳತಿಯ ಟೇಬಲ್ಲನ್ನು ಎಲ್ಲಕ್ಕಿಂತ ಮುಂದಕ್ಕೆ ತಂದರು. ನೆಲವನ್ನು ಬಕೆಟ್ಟುಗಟ್ಟಲೆ ನೀರು ಹಾಕಿ ತೊಳೆದರು. ಕಿಟಕಿ ಮುಚ್ಚಿದ ಕೋಣೆ, ನೆಲ ಎಲ್ಲಿ ಒಣಗಬೇಕು? ನಾವು ಹೋಗಿ ಕೂತಾಗ ಕಲ್ಲುಗಳ ಸಂದಿನಲ್ಲಿ ನೀರು ಮಿನುಗುತ್ತಿತ್ತು. ಒರೆಸಿಕೊಂಡು ಬಂದಿದ್ದ ನನ್ನ ಕಾಲೂ ಮತ್ತೆ ಒದ್ದೆಯಾಯಿತು. ಬಾಗಿಲಿಗೆ ಹತ್ತಿರದ ಸ್ಟೂಲು ನನ್ನದು. ಪಾದಗಳನ್ನು ಎತ್ತಿ ಅದರ ಮರದ ಅಡ್ಡಪಟ್ಟಿಯ ಮೇಲಿಟ್ಟುಕೊಂಡೆ.

ಅಧಿಕಾರಿಗಳು ಬಂದು ಕೂತರು. ಹೆಡ್‌ಮಾಸ್ಟರು ಗೆಳತಿಯ ಹಿಂದೆ ನಿಂತರು. ಅವಳು ಹೊಸ ರಿಬ್ಬನ್ ಕಟ್ಟಿದ್ದಳು, ಎಡಗೈಯಲ್ಲಿ ಟೇಬಲ್ಲಿನ ಅಂಚನ್ನು ಭದ್ರವಾಗಿ ಹಿಡಿದು ಕೂತಿದ್ದಳು. ಹೆದರಿಕೆಯಾದಾಗ ಏನಾದರೂ ಹಿಡಿದುಕೊಳ್ಳುವುದು ಅವಳ ಅಭ್ಯಾಸ. ಸಾರ್ ಬಾಗಿಲು ಮುಚ್ಚಿ, ಮೇನ್ ಹಾಕಿ ಗೋಡೆ ಪಕ್ಕ ಸರಿದರು. ಬಲ್ಬು ಹತ್ತಿತು, ಗುಂಯ್ ಎಂಬ ಸದ್ದು ಎದ್ದಿತು, ಗಾಜಿನ ಮೇಲೆ ಹಸಿರು ಗೆರೆ ಮೂಡಿತು.

"ಹೂಂ, ಶುರು ಮಾಡಮ್ಮ" ಎಂದರು ಹೆಡ್‌ಮಾಸ್ಟರು.

ಅವಳು ಶುರು ಮಾಡಲಿಲ್ಲ. ನೆಟ್ಟಗೆ ಕೂತೇ ಇದ್ದಳು. ಅಧಿಕಾರಿ ಮುಗುಳ್ನಕ್ಕು, "ಭಯ ಬೇಡ, ನಿಧಾನಕ್ಕೆ ಮಾಡು" ಎಂದರು. ಆಗಲೂ ಅವಳು ಮಿಸುಕಲಿಲ್ಲ. ನಮ್ಮಲ್ಲಿ ಯಾರೋ ಕಿಸಕ್ಕೆಂದರು. "ನಿನ್ನೆ ಅಷ್ಟು ಚೆನ್ನಾಗಿ ಮಾಡ್ದಲ್ಲ, ಈಗೇನಾಯ್ತು?" ಹೆಡ್‌ಮಾಸ್ಟರ ದನಿಯಲ್ಲಿ ಅವಮಾನದ ಬಿಸಿ ಏರುತ್ತಿತ್ತು. ಕೋಣೆಯೆಲ್ಲ ಕಟ್ಟಳೆಯ ಪ್ರಕಾರ ಮಾತಿಲ್ಲದೆ, ಕದಲದೆ ಕೂತಿತ್ತು.

ನಾನು ಅವಳ ಜಡೆಯನ್ನು ನೋಡುತ್ತಿದ್ದೆ. ಅದರ ತುದಿ ನಡುಗುತ್ತಿತ್ತು. ಮನುಷ್ಯರು ಹೆದರಿ ನಡುಗುವ ಹಾಗಲ್ಲ. ನೂಲು ಸುತ್ತುವ ಯಂತ್ರದ ಮೇಲಿಟ್ಟ ದಾರ ಅದುರುವ ಹಾಗೆ, ಒಂದೇ ಸಮನೆ, ಸಣ್ಣಗೆ. ಡಬ್ಬಿಗೆ ಒರಗಿ ಯೋಚಿಸುತ್ತ ನಿಂತ ಹಾಗಿತ್ತು ಎಂದು ಅಪ್ಪ ಹೇಳಿದ್ದು ಯಾವಾಗ ನೆನಪಾಯಿತೋ ಗೊತ್ತಿಲ್ಲ. ಹೆಡ್‌ಮಾಸ್ಟರು ಅವಳ ಭುಜ ಅಲುಗಿಸಲು ಕೈ ಚಾಚಿದ್ದು ಕಂಡಿತು.

"ಮುಟ್ಬೇಡಿ ಸಾರ್!"

ಆ ಕೂಗು ನನ್ನದೆಂದು ನನಗೇ ತಿಳಿಯಲಿಲ್ಲ. ಹೆಡ್‌ಮಾಸ್ಟರ ಕೈ ಹಾಗೇ ನಿಂತಿತು. ಅವರು ತಿರುಗಿ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣ ಮುಂದಿದೆ. ಅಷ್ಟರಲ್ಲಿ ನಾನು ಸ್ಟೂಲಿನಿಂದ ಹಾರಿದ್ದೆ. ಲಂಗದ ಅಂಚನ್ನು ಕೈಗೆ ಸುತ್ತಿಕೊಂಡು ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಕ್ಕೆ ಎಳೆದೆ.

ಪೂರ್ತಿ ಕತ್ತಲೆ. ಸ್ಟೆಬಿಲೈಸರಿನ ಸದ್ದು ನಿಂತ ಮೇಲೆ ಆ ಕೋಣೆ ಎಷ್ಟು ನಿಶ್ಶಬ್ದವೆಂದು ಮೊದಲ ಸಲ ತಿಳಿಯಿತು. ಮರುಗಳಿಗೆ ಸ್ಟೂಲು ಉರುಳಿದ ಸದ್ದು, ಅವಳ ತಲೆ ಕಲ್ಲಿಗೆ ಬಡಿದ ಸದ್ದು. "ಯಾರು ಆಫ್ ಮಾಡಿದ್ದು? ಮಿಷನ್ ಹಾಳಾಗ್ತವೆ!" ಎಂದು ಸಾರ್ ಚೀರಿದರು. ಪಾಪ, ಬಾಯಿಗೆ ಬಂದದ್ದು ಅದೇ. ಬಾಗಿಲು ತೆರೆದು ಬೆಳಕು ಬಿದ್ದಾಗ ಅವಳ ಅಂಗೈ ಕಂಡಿತು. ಬೆರಳುಗಳ ಬುಡದಲ್ಲಿ ಬೂದು ಬಣ್ಣದ ಗೀರು.

ಅಧಿಕಾರಿಗಳ ಜೀಪಿನಲ್ಲೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಅವಳ ತಲೆ ನನ್ನ ತೊಡೆಯ ಮೇಲಿತ್ತು, ಕಣ್ಣು ಅರೆ ತೆರೆದಿತ್ತು. ದಾರಿಯುದ್ದಕ್ಕೂ ಅವಳ ಮೂಗಿನ ಕೆಳಗೆ ಬೆರಳು ಹಿಡಿದು, ಉಸಿರು ತಾಕಿದಾಗಲೆಲ್ಲ ಮುಂದಿನ ಉಸಿರಿಗೆ ಕಾಯುತ್ತಿದ್ದೆ. ಮುಂದಿನ ಸೀಟಿನಲ್ಲಿ ಹೆಡ್‌ಮಾಸ್ಟರು ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು.

ಅವಳ ಟೇಬಲ್ಲನ್ನು ಎಳೆಯುವಾಗ ಅದರ ಕಾಲು ವೈರಿನ ಮೇಲೆ ಕೂತು, ಮೇಲಿನ ರಬ್ಬರು ಕಿತ್ತಿತ್ತೆಂದು ಆಮೇಲೆ ಗೊತ್ತಾಯಿತು. ಇಡೀ ಕೋಣೆಗೆ ಅರ್ಥಿಂಗ್ ಕೊಟ್ಟೇ ಇರಲಿಲ್ಲವಂತೆ. ಹೆಡ್‌ಮಾಸ್ಟರು ನನಗೆ ಟೀಸಿ ಕೊಡಲಿಲ್ಲ, ಭೇಷ್ ಎನ್ನಲೂ ಇಲ್ಲ. ಕೋಣೆಗೆ ಬೀಗ ಬಿತ್ತು. ನೀಲಿ ಅಕ್ಷರಗಳ ಮೇಲೆ ಸುಣ್ಣ ಬಳಿದರು. ಸಾರ್ ಮತ್ತೆ ಬರಲಿಲ್ಲ. ಅಪ್ಪ ಮಾತ್ರ ಆ ವಾರವೆಲ್ಲ ನನ್ನನ್ನು ಶಾಲೆಯ ಗೇಟಿನ ತನಕ ಸೈಕಲ್ಲಿನಲ್ಲಿ ಬಿಟ್ಟು, ನಾನು ಒಳಗೆ ಹೋಗುವ ತನಕ ನಿಂತಿರುತ್ತಿದ್ದರು.

ಗೆಳತಿ ಉಳಿದಳು. ಹತ್ತನೇ ತರಗತಿಯನ್ನು ಮೊದಲ ದರ್ಜೆಯಲ್ಲೇ ಮುಗಿಸಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳನ್ನು ನೋಡಲು ಹೋಗಿದ್ದೆ. ಮನೆ ಮುಂದಿನ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ತುಂಬಾ ಹೊತ್ತು ಬೇರೇನೇನೋ ಮಾತಾಡಿದ ಮೇಲೆ ಕೇಳಿದಳು:

"ನಾನು ಕೂಗ್ಕೊಂಡಿದ್ದು ಕೇಳಿಸ್ಕೊಂಡು ತಾನೆ ನೀನು ಎದ್ದಿದ್ದು?"

"ನೀನ್ ಕೂಗ್ಲೇ ಇಲ್ವಲ್ಲೇ. ಉಸಿರು ಕೂಡ ಬಿಡ್ಲಿಲ್ಲ."

ಅವಳು ನನ್ನನ್ನು ನಂಬದವಳಂತೆ ನೋಡಿದಳು. "ಕೂಗ್ದೆ ಕಣೇ" ಎಂದಳು. "ನೀವೆಲ್ಲಾ ಅಲ್ಲೇ ಕೂತಿದ್ರಿ. ಒಬ್ಬೊಬ್ರ ಹೆಸ್ರೂ ಹಿಡಿದು ಕೂಗ್ದೆ."