ಒಂದು ಚೌಕಕ್ಕೆ ಒಂದೇ ಹೆಸರು

"ಈ ಪುಣ್ಯಾತ್ಮನಿಗೆ ಅವಳಿ ಹುಟ್ಟಿದ್ರೆ ಒಂದನ್ನ ಆಸ್ಪತ್ರೆಯಲ್ಲೇ ಬಿಟ್ಟು ಬರ್ತಿದ್ದ" ಎಂದು ನಮ್ಮ ಶಾಲೆಯ ಗುಮಾಸ್ತನನ್ನು ಕಂಡು ನೆರೆಮನೆಯವರು ನಗುತ್ತಿದ್ದರು. ನಗದೆ ಏನು ಮಾಡಿಯಾರು? ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ, ಸಂಜೆ ಮಗುವನ್ನು ಕರೆದೊಯ್ಯಬಹುದಾದ ಅಮ್ಮ, ಅಪ್ಪ, ಅಜ್ಜಿ, ಸೋದರಮಾವ ಎಲ್ಲರೂ ಒಂದೇ ಚೌಕದಲ್ಲಿ ಒತ್ತೊತ್ತಾಗಿ ಕೂತಿದ್ದರು. ಅದನ್ನು ಎಕ್ಸೆಲ್ ಹಾಳೆಗೆ ಇಳಿಸುವಾಗ ಈ ಮಹಾಶಯ ಮೊದಲ ಹೆಸರನ್ನು ಉಳಿಸಿ ಮಿಕ್ಕವರನ್ನೆಲ್ಲ ಅಳಿಸಿದ; ಹಾಳೆ ಎಷ್ಟು ಅಚ್ಚುಕಟ್ಟಾಯಿತೆಂದು ಮೀಸೆ ತಿರುವಿದ್ದೇ ತಿರುವಿದ್ದು. ಅಜ್ಜಿಯರು ಬಂದು ಗೋಗರೆದರೆ, "ಚೌಕದಲ್ಲಿ ನೀವಿಲ್ಲ ಅಜ್ಜಿ, ಹೋಗಿ ಮಗಳನ್ನ ಕಳ್ಸಿ" ಎಂದು ಕಿಟಕಿ ಮುಚ್ಚುತ್ತಿದ್ದ. ಅದೇ ಶಾಲೆಯಲ್ಲಿ ಓದುವ ಅವನ ಮಗಳು ಮನೆಯಲ್ಲಿ ಒಟ್ಟಿಗೆ ಎರಡು ಪ್ರಶ್ನೆ ಕೇಳಿದರೂ ಮೊದಲನೆಯದಕ್ಕಷ್ಟೇ ಉತ್ತರ. ಒಂದು ಸಂಜೆ, ಅವಳು ದಿನವೂ ಮನೆಗೆ ಹೋಗುತ್ತಿದ್ದ ಶಾಲೆಯ ವ್ಯಾನು ಕೆಟ್ಟು, ಆ ಮಗಳನ್ನು ಕರೆದೊಯ್ಯಲು ತಾನೇ ಗೇಟಿಗೆ ಬಂದ. ಕಾವಲುಗಾರ ಹಾಳೆ ನೋಡಿ, "ನಿಮ್ಮ ಹೆಸರಿಲ್ಲ ಸಾರ್. ಅಮ್ಮನ ಹೆಸರೊಂದೇ ಇರೋದು, ಅವರನ್ನ ಕಳ್ಸಿ. ನೀವೇ ಹೇಳಿದ ರೂಲು" ಎಂದ. "ಅವಳು ತೀರ್ಕೊಂಡು ವರ್ಷ ಆಯ್ತಲ್ಲಪ್ಪ" ಎಂದ ಗುಮಾಸ್ತ, ತಗ್ಗಿದ ದನಿಯಲ್ಲಿ. ಊರಿನ ಅಜ್ಜಿಯರನ್ನೆಲ್ಲ ಅಳಿಸಿದವನಿಗೆ ಮಗಳ ಚೌಕದಲ್ಲಿ ಮೊದಲಿದ್ದ ಹೆಂಡತಿಯ ಹೆಸರನ್ನು ಅಳಿಸಲು ಮಾತ್ರ ಕೈ ಬಂದಿರಲಿಲ್ಲ. ಅದನ್ನು ಉಳಿಸಿ ತನ್ನನ್ನೇ ಅಳಿಸಿಕೊಂಡಿದ್ದ. ಆ ಅಜ್ಜಿಯರಿಗೆ ಇನ್ನು ಆ ಕಿಟಕಿಯಲ್ಲಿ ಮುಖ ತೋರಿಸಲಾರೆನೆಂದು ಮರುದಿನ ರಾಜೀನಾಮೆಯನ್ನು ಜೇಬಿನಲ್ಲಿಟ್ಟು, "ಹಳೆ ಕಂಪ್ಯೂಟರ್ ನೋಡ್ಕೊಂಡು ಅಜ್ಜಿಯರನ್ನೆಲ್ಲ ಚೌಕದಲ್ಲಿ ವಾಪಸ್ ಕೂರಿಸಿ ಬರ್ತೀನಿ ಮಗಳೇ" ಎಂದು ಶಾಲೆಯ ಕಚೇರಿಗೆ ಕೊನೆಯ ಸಲ ಮನೆಯಿಂದ ಹೊರಟ.