ಹಣ್ಣು ಹುಳದ ದಿನ ಬಂದ ಅಭ್ಯರ್ಥಿ

ನನಗೆ ರಾಜಕೀಯದವರನ್ನ ಕಂಡ್ರೆ ಆಗಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರೂ ನನ್ನನ್ನ ಆ ಕಡೆಯವಳು ಈ ಕಡೆಯವಳು ಅಂದುಕೊಳ್ಳಬಾರದು. ನಮ್ಮನೆಯಲ್ಲಿ ಆ ಹುಚ್ಚು ಇರೋದು ನನ್ನ ಮೈದುನನಿಗೆ. ಟೇಕಲ್ ಹತ್ತಿರ ನಮ್ಮೂರು. ಅಲ್ಲಿ ಅವನ ಪಕ್ಷಕ್ಕೆ ಅವನೇ ಲೀಡರು. ಪಾರ್ಲಿಮೆಂಟ್ ಎಲೆಕ್ಷನ್ ಬಂತು. ಅಭ್ಯರ್ಥಿ ನಮ್ಮೂರಿಗೆ ಬರ್ತಾರೆ, ಮಧ್ಯಾಹ್ನದ ಊಟ ನಮ್ಮನೆ ಅಂಗಳದಲ್ಲೇ ಅಂತ ನನ್ನನ್ನ ಒಂದು ಮಾತೂ ಕೇಳದೆ ಒಪ್ಪಿಕೊಂಡು ಬಂದ.

"ಮನೇಲಿ ಹುಳ ಇದೆ ಕಣೋ" ಅಂದೆ.

"ಲೆಕ್ಕ ಹಾಕೇ ಹೇಳಿದೀನಿ ಅತ್ತಿಗೆ. ಅವರು ಬರೋದು ಗುರುವಾರ, ಹುಳ ಹಣ್ಣಾಗೋದು ಶನಿವಾರ. ಸೊಪ್ಪು ಹಾಕಿ ಬಾಗಿಲು ಮುಚ್ಚಿಬಿಟ್ರೆ ಆಯ್ತು."

ರೇಷ್ಮೆ ಹುಳ ಸಾಕಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ ಹುಳ ಒಂದು ವಾರ ರಾಕ್ಷಸನ ಥರ ಸೊಪ್ಪು ತಿನ್ನುತ್ತೆ. ಆಮೇಲೆ ಒಂದು ಹೊತ್ತು ತಟ್ಟನೆ ತಿನ್ನೋದು ಬಿಡುತ್ತೆ. ಮೈ ಹಣ್ಣು ದ್ರಾಕ್ಷಿ ಥರ ತಿಳಿಯಾಗುತ್ತೆ, ತಲೆ ಎತ್ತಿ ಆಡಿಸುತ್ತೆ. ಅದನ್ನೇ ನಾವು ಹಣ್ಣಾಗೋದು ಅನ್ನೋದು. ಅಲ್ಲಿಂದ ಒಂದೊಂದನ್ನೂ ಕೈಯಲ್ಲಿ ಆರಿಸಿ ಚಂದ್ರಿಕೆ ಮೇಲೆ ಬಿಡಬೇಕು. ಚಂದ್ರಿಕೆ ಅಂದ್ರೆ ಬಿದಿರಿನ ದೊಡ್ಡ ತಟ್ಟಿ, ಅದರ ಸುರುಳಿ ಸಂದಿನಲ್ಲಿ ಹುಳ ಗೂಡು ಕಟ್ಟುತ್ತೆ. ತಡ ಮಾಡಿದ್ರೆ ಕಸದಲ್ಲೇ, ಹಿಕ್ಕೆಯಲ್ಲೇ ಕಟ್ಟಿಕೊಂಡು ಕೂತುಬಿಡುತ್ತೆ. ಆ ಗೂಡನ್ನ ಮಾರ್ಕೆಟ್ಟಲ್ಲಿ ಯಾರೂ ಮುಟ್ಟಿ ನೋಡಲ್ಲ.

ಮೈದುನನ ಲೆಕ್ಕ ತಪ್ಪಿರಲಿಲ್ಲ. ಅವನು ಮರೆತಿದ್ದು ಬಿಸಿಲನ್ನ. ಆ ವರ್ಷದ ಬೇಸಿಗೆ ಹೇಗಿತ್ತು ಅಂದ್ರೆ ಹೆಂಚಿನ ಕೆಳಗೆ ನಿಂತ್ರೆ ನೆತ್ತಿ ಸುಡೋದು. ಅಷ್ಟು ಸೆಕೆಯಲ್ಲಿ ಹುಳ ಕ್ಯಾಲೆಂಡರ್ ನೋಡಿಕೊಂಡು ಕೂರುತ್ತಾ?

ಗುರುವಾರ ಬೆಳಿಗ್ಗೆ ಹುಳದ ಮನೆ ಬಾಗಿಲು ತೆಗೆದೆ. ದಿನಾ ಒಳಗೆ ಸೋನೆ ಮಳೆ ಹಿಡಿದಂಗೆ ಸೊಪ್ಪು ತಿನ್ನೋ ಸದ್ದು ಇರೋದು. ಅವತ್ತು ಸದ್ದೇ ಇಲ್ಲ. ಸೊಪ್ಪಿನ ಹಾಸಿನ ತುಂಬ ಹುಳ ತಲೆ ಎತ್ತಿಕೊಂಡು ನಿಂತಿದಾವೆ.

ಅದಕ್ಕೆ ಮುಂಚೆ ನಮ್ಮದು ಎರಡು ಬೆಳೆ ಹಾಲುತೊಂಡೆ ರೋಗಕ್ಕೆ ಹೋಗಿತ್ತು. "ಇದೂ ಕೈ ಕೊಟ್ರೆ ಹಿಪ್ಪುನೇರಳೆ ಕಿತ್ತು ಟೊಮೇಟೊ ಹಾಕ್ತೀನಿ" ಅಂತ ನಮ್ಮ ಯಜಮಾನರು ಹೇಳಿ ಆಗಿತ್ತು. ಅವರು ಒಂದು ಮಾತನ್ನ ಎರಡು ಸಲ ಹೇಳೋ ಜನ ಅಲ್ಲ. ಆ ತೋಟ ನಾನು ಮದುವೆಯಾಗಿ ಬಂದ ವರ್ಷ ಅತ್ತೆಯ ಜೊತೆ ಕೂತು ಕಡ್ಡಿ ನೆಟ್ಟಿದ್ದು. ಈ ಮನೆಯಲ್ಲಿ ನನ್ನದು ಅಂತ ನಾನು ಬಾಯಿಬಿಟ್ಟು ಹೇಳೋ ವಸ್ತು ಅದೊಂದೇ.

ಹಣ್ಣು ಹುಳ ಆರಿಸೋಕೆ ನಮ್ಮ ಕಡೆ ಕೂಲಿ ಕರೆಯಲ್ಲ. ಮುಯ್ಯಾಳು ಬರ್ತಾರೆ. ಇವತ್ತು ನೀವು ನಮ್ಮನೆಗೆ, ನಾಳೆ ನಾವು ನಿಮ್ಮನೆಗೆ. ಕೆಲಸಕ್ಕೆ ಕೆಲಸ, ಅದೇ ಮುಯ್ಯಿ. ಆದರೆ ಆ ಸಲ ಊರೆಲ್ಲ ಒಂದೇ ಕಡೆಯಿಂದ, ಒಂದೇ ದಿನ ಮರಿಹುಳ ತಂದಿದ್ವಿ. ಎಲ್ಲರ ಮನೇಲೂ ಅವತ್ತೇ ಹಣ್ಣಾಗಿದೆ. ಯಾರ ಮನೆಗೆ ಯಾರು ಬರ್ತಾರೆ? ನಾನು, ಯಜಮಾನರು, ನನ್ನ ಓರಗಿತ್ತಿ, ಮೂರೇ ಜನ. ಮೈದುನ ಅಂಗಳದಲ್ಲಿ ಶಾಮಿಯಾನ ಕಟ್ಟಿಸ್ತಾ, ಅಡುಗೆಯವರ ಮೇಲೆ ರೇಗ್ತಾ ಓಡಾಡ್ತಿದ್ದ. ಅವನ ಮುಖ ನೋಡೋಕೂ ನನಗೆ ಇಷ್ಟ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾಲು ಭಾಗವೂ ಆಗಿರಲಿಲ್ಲ. ಅಷ್ಟರಲ್ಲಿ ತಮಟೆ ಸದ್ದು ಕೇಳಿಸಿತು, ಹಿಂದೆಯೇ ಮೈಕು. ಪಟಾಕಿ ಸರ ಬಿಚ್ತಿದಾರೆ ಅಂತ ಓರಗಿತ್ತಿ ಕಿಟಕಿಯಿಂದ ಹೇಳಿದಳು. ಪಟಾಕಿ ಹೊಗೆ ಹುಳದ ಮನೆಗೆ ನುಗ್ಗಿದ್ರೆ ಮುಗೀತು ಕತೆ. ಕೈ ತುಂಬ ಅಂಟು ಮೆತ್ತಿಕೊಂಡು ಹಂಗೇ ಓಡಿ ಹೋಗಿ ಬೀದಿಗೆ ಅಡ್ಡ ನಿಂತೆ.

"ಒಂದು ಪಟಾಕಿ ಹಚ್ಚಿ ನೋಡೋಣ" ಅಂದೆ. "ಅದೇ ಬೆಂಕಿಪೊಟ್ಟಣ ಕಿತ್ತುಕೊಂಡು ನಿಮ್ಮ ಬ್ಯಾನರ್‌ಗೆ ಹಚ್ತೀನಿ."

ಮೈದುನನ ಮುಖದಲ್ಲಿ ರಕ್ತ ಇರಲಿಲ್ಲ. ತೆರೆದ ಜೀಪಿನಲ್ಲಿ ನಿಂತಿದ್ದ ಅಭ್ಯರ್ಥಿ ಕೆಳಗಿಳಿದು ಬಂದರು. ಅರವತ್ತರ ಆಸುಪಾಸಿನ ಎತ್ತರದ ಮನುಷ್ಯ, ಕಿವಿವರೆಗೂ ಹಾರ, ಮಾರು ದೂರಕ್ಕೇ ಹೊಡೆಯೋ ಸೆಂಟು.

"ಏನಾಯ್ತಮ್ಮ?"

"ಹುಳ ಹಣ್ಣಾಗಿದೆ ಸಾರ್. ಆರಿಸೋಕೆ ಕೈ ಇಲ್ಲ."

ಅವರಿಗೆ ಅರ್ಥ ಆಗಲಿಲ್ಲ. ಚಿನ್ನದ ಗಣಿ ಕಡೆಯವರು, ಪಾಪ, ಹುಳದ ಮನೆ ಕಂಡವರಲ್ಲ. ಆದರೆ ಅವರ ಹಿಂದೆ ಎರಡು ಬಸ್ಸಿನಲ್ಲಿ ಬಂದಿದ್ದ ಜನಕ್ಕೆ ಅರ್ಥ ಆಯ್ತು. ಮಾಲೂರು, ವೇಮಗಲ್, ಮುಳಬಾಗಿಲು ಕಡೆಯವರು. ಅರ್ಧಕ್ಕರ್ಧ ಜನ ಹುಳದ ಮನೇಲೇ ಹುಟ್ಟಿ ಬೆಳೆದವರು. ಆ ಒಂದು ಮಾತಿಗೆ ತಮಟೆ ತನ್ನಷ್ಟಕ್ಕೆ ನಿಂತುಹೋಯ್ತು. ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ. ಮುಂದೆ ಇದ್ದ ಒಬ್ಬರು ಕೊರಳಲ್ಲಿದ್ದ ಪಕ್ಷದ ಶಾಲು ತೆಗೆದು ನಮ್ಮ ಹೊಂಗೆ ಮರಕ್ಕೆ ನೇತುಹಾಕಿದರು. ತೊಟ್ಟಿಯಲ್ಲಿ ಕೈಕಾಲು ತೊಳೆದರು. ಬಾಗಿಲಲ್ಲಿ ಇಟ್ಟಿದ್ದ ಬ್ಲೀಚಿಂಗ್ ನೀರಿನಲ್ಲಿ ನಾನು ತೋರಿಸೋಕೆ ಮುಂಚೇನೇ ಪಾದ ಅದ್ದಿ ಒಳಗೆ ಹೋದರು. ಅವರ ಹಿಂದೆ ಇನ್ನೊಬ್ಬರು. ಅವರ ಹಿಂದೆ ಹೆಂಗಸರ ಗುಂಪು. ಒಳಗೆ ಜಾಗ ಸಾಲದವರು ಊರಿನ ಬೇರೆ ಹುಳದ ಮನೆಗಳಿಗೆ ಹೋದರು. ನೋಡ್ತಾ ನೋಡ್ತಾ ಹೊಂಗೆ ಮರದಲ್ಲಿ ಎಲೆಗಿಂತ ಶಾಲೇ ಜಾಸ್ತಿ ಆಯ್ತು. ನಾನು ಬೀದೀಲಿ ಬಾಯಿ ಬಿಟ್ಟುಕೊಂಡು ನಿಂತಿದ್ದೆ.

"ಚಂದ್ರಿಕೆ ಸಾಲಲ್ಲ" ಅಂತ ಒಳಗಿಂದ ಕೂಗು ಬಂತು. ಜೀಪ್ ಡ್ರೈವರ್ ಯಾರನ್ನೂ ಕೇಳದೆ ಗಾಡಿ ತಿರುಗಿಸಿಕೊಂಡು ಪಕ್ಕದೂರಿಗೆ ಹೋದ. ವಾಪಸ್ ಬಂದಾಗ ಅಭ್ಯರ್ಥಿ ನಿಲ್ಲೋ ಜಾಗದಲ್ಲಿ ಚಂದ್ರಿಕೆಗಳು ನಿಂತಿದ್ದವು, ಬೀಳದಂಗೆ ಜೀಪಲ್ಲಿ ಬಿದ್ದಿದ್ದ ಅವರದೇ ಹೂವಿನ ಹಾರದಲ್ಲಿ ಬಿಗಿದು ಕಟ್ಟಿದ್ದ.

ಅಷ್ಟು ಹೊತ್ತಿಗೆ ಅಭ್ಯರ್ಥಿ ಒಬ್ಬರೇ ಉಳಿದಿದ್ರು. ಪಂಚೆ ಎತ್ತಿ ಕಟ್ಟಿ ಅವರೂ ಒಳಗೆ ಬರೋಕೆ ಹೊರಟರು.

"ನೀವು ಬೇಡ ಸಾರ್. ಸೆಂಟು ಹಾಕಿದೀರ, ಹುಳಕ್ಕಾಗಲ್ಲ."

ಮೈದುನ ತಲೆ ಹಿಡಕೊಂಡು ಜಗಲಿ ಮೇಲೆ ಕೂತುಬಿಟ್ಟ.

"ಮತ್ತೆ ನಾನೇನು ಮಾಡ್ಲಮ್ಮ?"

"ಬಾಗಿಲು ಕಾಯಿರಿ. ಬೀಡಿ ಸೇದಿದವರು, ಸೆಂಟು ಹಾಕಿದವರು, ಕಾಲು ತೊಳೀದವರು ಒಬ್ಬರೂ ಒಳಗೆ ಬರಬಾರದು."

ಕೋಪದಲ್ಲಿ ಹೇಳಿದ್ದು. ಅವರು ಕೊರಳಲ್ಲಿ ಉಳಿದ ಹಾರ ಬಿಚ್ಚಿ ನಮ್ಮ ಹಸು ಮುಂದೆ ಹಾಕಿ, ಬಾಗಿಲ ಪಕ್ಕ ಹೋಗಿ ನಿಂತೇಬಿಟ್ಟರು. ಪಾರ್ಲಿಮೆಂಟಿಗೆ ನಿಂತ ಮನುಷ್ಯ ಕಣ್ರೀ. ಬಂದವರನ್ನೆಲ್ಲ ತಡೆದು "ಕೈ ತೋರಿಸಪ್ಪ" ಅಂತ ಮೂಸಿ ನೋಡಿ ಒಳಗೆ ಬಿಡ್ತಿದ್ರು. ಇದೆಲ್ಲ ವೋಟಿಗೆ ಹಾಕೋ ವೇಷ ಅಂತ ಮೊದಮೊದಲು ನಾನು ಮನಸ್ಸಲ್ಲೇ ಬೈದುಕೊಂಡೆ. ಆದರೆ ಫೋಟೋ ತೆಗೆಯೋನು ನನ್ನ ಪಕ್ಕದಲ್ಲೇ ಕೂತು ಹುಳ ಆರಿಸ್ತಿದ್ದ. ಇನ್ನು ವೇಷ ಯಾರಿಗೆ?

ಒಳಗೆ ಅಷ್ಟೊಂದು ಕೈ ಒಟ್ಟಿಗೆ ಆಡೋದನ್ನ ನಾನು ಅದುವರೆಗೆ ಕಂಡಿರಲಿಲ್ಲ. ತಮಟೆ ಹೊಡೆದು ಒರಟಾಗಿದ್ದ ಬೆರಳುಗಳು ಕೂಡ ಹುಳಕ್ಕೆ ನೋವಾಗದಂಗೆ ಎತ್ತಿ ಬಿಡ್ತಿದ್ದವು. ನಾನು ಯಾರಿಗೂ ಏನೂ ಹೇಳಿಕೊಡಬೇಕಾಗಲಿಲ್ಲ. ತಲೆ ಬಗ್ಗಿಸಿಕೊಂಡು ಆರಿಸ್ತಾ ಹೋದೆ.

ಆ ನಡುವೆ ಆ ಪಕ್ಷದ ತಾಲೂಕು ಲೀಡರು ಕಾರಲ್ಲಿ ಬಂದ. ಮಾಲೂರಲ್ಲಿ ಸಂಜೆ ದೊಡ್ಡ ಸಭೆ, ರಾಜ್ಯದ ದೊಡ್ಡ ಮುಖಂಡರು ಬರ್ತಿದಾರೆ, ಜನ ಎಲ್ಲಿ ಅಂತ ಕಿರುಚಾಡಿಕೊಂಡು ಒಳಗೆ ನುಗ್ಗೋಕೆ ನೋಡಿದ. ಅಭ್ಯರ್ಥಿ ಬಾಗಿಲಿಗೆ ಕೈ ಅಡ್ಡ ಇಟ್ಟರು.

"ಒಳಗೆ ಹೋಗಬೇಡಿ, ಹುಳ ಇದೆ."

"ಸಾರ್, ಖಾಲಿ ಕುರ್ಚಿ ನೋಡಿದ್ರೆ ಅವರು ಏನಂದುಕೊಳ್ತಾರೆ? ನಿಮ್ಮ ಎಲೆಕ್ಷನ್ನೇ ಹೋಗುತ್ತೆ."

"ಹೋದ್ರೆ ಹೋಗ್ಲಿ. ಈಗ ಎಬ್ಬಿಸಿದ್ರೆ ಆಯಮ್ಮನ ಬೆಳೆ ಹೋಗುತ್ತೆ. ಕೈಯಲ್ಲಿರೋದು ಮುಗಿಸಿಕೊಂಡು ಬರ್ತಾರೆ."

ನಾನು ಒಳಗಿಂದ ಅದನ್ನ ಕೇಳಿಸಿಕೊಂಡು ಮುಂದಿನ ಹುಳಕ್ಕೆ ಕೈ ಹಾಕಿದೆ.

ಬಿಸಿಲು ಇಳಿಯೋ ಹೊತ್ತಿಗೆ ಹಾಸು ಖಾಲಿ. ಊಟಕ್ಕೆ ಅಂತ ಹಾಕಿದ್ದ ಶಾಮಿಯಾನದ ಕೆಳಗೆ ಚಂದ್ರಿಕೆಗಳನ್ನ ಸಾಲಾಗಿ ಒರಗಿಸಿದ್ವಿ. ಜನ ಅಡುಗೆಮನೆ ಗೋಡೆ ಪಕ್ಕ ನಿಂತುಕೊಂಡೇ ಮುದ್ದೆ ಸಾರು ಉಂಡರು. ಹುಳಗಳೆಲ್ಲ ತಲೆ ಆಡಿಸ್ತಾ ನೂಲು ಬಿಡೋಕೆ ಶುರು ಮಾಡಿದವು. ಅಭ್ಯರ್ಥಿ ದೂರದಿಂದಲೇ ಬಗ್ಗಿ ನೋಡ್ತಿದ್ರು. "ಎಲ್ಲಾ ಒಟ್ಟಿಗೆ ಶುರು ಮಾಡಿದಾವಲ್ಲಮ್ಮ" ಅಂದ್ರು, ದೇವರ ಗುಡೀಲಿ ಮಾತಾಡಿದಂಗೆ ಮೆಲ್ಲಗೆ.

ಹೊರಡೋವಾಗ ತಾಲೂಕು ಲೀಡರು ಹತ್ತಿರ ಬಂದ. "ಅಕ್ಕಾ, ಇಷ್ಟು ಮಾಡಿದೀವಿ, ನಿಮ್ಮೂರಿನ ವೋಟೆಲ್ಲ ನಮಗೇ ತಾನೆ?"

ನನಗೆ ಉರಿದುಹೋಯ್ತು. "ಮುಯ್ಯಿ ಇಟ್ಟುಕೊಳ್ಳೋ ಜನ ಅಲ್ಲ ನಾವು, ತೀರಿಸ್ತೀವಿ. ಕೆಲಸಕ್ಕೆ ಕೆಲಸ. ವೋಟು ಅದರಲ್ಲಿ ಬರಲ್ಲ."

ಅಭ್ಯರ್ಥಿ ಕೈ ಮುಗಿದರು. "ಸರಿಯಮ್ಮ. ಕೆಲಸಕ್ಕೆ ಕೆಲಸ."

ಗೂಡು ಚೆನ್ನಾಗಿಯೇ ಬಂತು. ಆದರೂ ಯಜಮಾನರು ತೋಟದ ಸುದ್ದಿ ಎತ್ತಲಿಲ್ಲ. ಎರಡು ಸಲ ಕೈ ಕೊಟ್ಟಿದ್ದನ್ನ ಒಂದು ಸಲಕ್ಕೇ ನಂಬೋ ಆಸಾಮಿ ಅಲ್ಲ ಅವರು. ಕೇಳೋಕೆ ನನಗೂ ಧೈರ್ಯ ಸಾಲಲಿಲ್ಲ.

ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ ಮಾರನೇ ದಿನ ನಮ್ಮೂರಿಂದ ಮನೆಗಿಬ್ಬರಂತೆ ಬಸ್ ಹತ್ತಿದ್ವಿ. ಅಭ್ಯರ್ಥಿಯ ಪ್ರಚಾರ ಅವತ್ತು ಶ್ರೀನಿವಾಸಪುರದಾಚೆ, ರಾಯಲ್ಪಾಡು ಕಡೆ. ಎತ್ತ ನೋಡಿದ್ರೂ ಮಾವಿನ ತೋಪು, ಕಿವಿಗೆ ಬೀಳೋದೆಲ್ಲ ತೆಲುಗು. ಬೇರೆ ಪಕ್ಷದ ವೋಟರು, ಯಾವ ಪಕ್ಷವೂ ಬೇಡ ಅನ್ನೋರು, ಎಲ್ಲರೂ ಅಭ್ಯರ್ಥಿ ಪಕ್ಷದ ಶಾಲು ಹಾಕಿಕೊಂಡು ಮನೆ ಮನೆ ತಿರುಗಿ ಚೀಟಿ ಹಂಚಿದ್ವಿ. ಜನ್ಮದಲ್ಲಿ ಆ ಬಾವುಟ ಮುಟ್ಟದ ಯಜಮಾನರು ಅದನ್ನ ಹೆಗಲ ಮೇಲೆ ಹೊತ್ತಿದ್ರು. ಜಗಲಿ ಮೇಲಿದ್ದ ಒಬ್ಬ ಮುದುಕಿ "ಮೀರೂ ಈ ಪಾರ್ಟೀನಾ?" ಅಂತ ಕೇಳಿತು. "ಕಾದಮ್ಮಾ. ಪನಿಕಿ ಪನಿ" ಅಂದ್ರು ಇವರು. ಅಲ್ಲಮ್ಮಾ, ಕೆಲಸಕ್ಕೆ ಕೆಲಸ ಅಂತ.

ಮಾವಿನ ತೋಪಿನಲ್ಲಿ ಸಭೆ. ಅಭ್ಯರ್ಥಿ ಮೈಕ್ ಹಿಡಿದು ನಮ್ಮ ಕಡೆ ಕೈ ತೋರಿಸಿದರು. "ಹಿಂದೆ ನಿಂತಿದಾರಲ್ಲ, ಅವರು ನನ್ನ ಕಡೆಯವರಲ್ಲ. ನನಗೆ ವೋಟು ಹಾಕ್ತಾರೋ ಇಲ್ವೋ ಗೊತ್ತಿಲ್ಲ, ನಾನು ಕೇಳೋದೂ ಇಲ್ಲ. ನಮ್ಮ ಹುಡುಗರು ಒಂದು ಮಧ್ಯಾಹ್ನ ಅವರ ಕೆಲಸ ಮಾಡಿದ್ರು, ಅದನ್ನ ತೀರಿಸೋಕೆ ಈ ಬಿಸಿಲಲ್ಲಿ ಬಂದಿದಾರೆ. ಇಂಥವರ ಪರವಾಗಿ ದಿಲ್ಲೀಲಿ ಮಾತಾಡೋ ಯೋಗ್ಯತೆ ನನಗಿದ್ರೆ ವೋಟು ಹಾಕಿ." ಅಷ್ಟೇ ಹೇಳಿ ಮೈಕ್ ಕೆಳಗಿಟ್ಟರು. ಜನ ಜೈಕಾರ ಹಾಕೋದು ಬಿಟ್ಟು ನಮ್ಮ ಕಡೆ ತಿರುಗಿ ನೋಡಿದ್ರು.

ಸಭೆ ಚದುರಿತು. ನಾವಿಬ್ಬರೂ ಒಂದು ಮರದ ಬುಡದಲ್ಲಿ ಕೂತಿದ್ವಿ. ಯಜಮಾನರು ಬಾವುಟವನ್ನ ಅಂಚಿಗೆ ಅಂಚು ಸೇರಿಸಿ ಮಡಿಸ್ತಾ ಇದ್ರು.

"ಟೊಮೇಟೊ ಹಾಕಿದ್ರೆ ಕೂಲಿಯವರು ಬರ್ತಾರೆ, ಹೋಗ್ತಾರೆ" ಅಂದ್ರು. "ಹಿಂಗೆ ಯಾರು ಬರ್ತಾರೆ ಹೇಳು."

ನಾನು ಬಾವುಟದ ಇನ್ನೊಂದು ಅಂಚು ಹಿಡಕೊಂಡೆ.

"ಇರಲಿ ಬಿಡೇ, ನಿನ್ನ ತೋಟ."

ಅವರ ಬಾಯಲ್ಲಿ ನಿನ್ನ ತೋಟ ಅನ್ನೋ ಮಾತು ಬಂದಿದ್ದು ಅದೇ ಮೊದಲು. ನಾನು ಆ ಪಕ್ಷದ ಶಾಲಿನಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.