ಅತ್ತೆ ಕಂಡ ಮರಳುಗಾಡು

ಮೊಣಕಾಲಿನ ಆಪರೇಷನ್ ಆದ ಮೇಲೆ ಅತ್ತೆ ಮೊಳಕಾಲ್ಮೂರಿನಿಂದ ಚಳ್ಳಕೆರೆಯ ನಮ್ಮ ಮನೆಗೆ ಬಂದು ಉಳಿದರು. ನಡುಮನೆಯಲ್ಲಿ ಟಿವಿಯ ಎದುರಿಗೇ ಅವರ ಮಂಚ ಹಾಕಿದೆವು. ಧಾರಾವಾಹಿಗಳನ್ನು ಒಂದೇ ವಾರಕ್ಕೆ ಬೈದು ಬಿಟ್ಟರು. ಸೊಸೆಯ ಹಾಲಿಗೆ ವಿಷ ಬೆರೆಸಲು ಆರು ತಿಂಗಳು ತೆಗೆದುಕೊಳ್ಳುವ ಅತ್ತೆಯರ ಮೇಲೆ ಅವರಿಗೆ ಗೌರವವೇ ಉಳಿದಿರಲಿಲ್ಲ.

ನನಗೊಂದು ಗುಟ್ಟಿನ ಚಪಲವಿತ್ತು. ಹಾಲಿವುಡ್‌ನ ಹಳೇ ಕಾಲದ ಮರಳುಗಾಡಿನ ಸಾಹಸ ಚಿತ್ರಗಳೆಂದರೆ ಪ್ರಾಣ. ಅವುಗಳಲ್ಲಿ ಮರಳ ದಿಬ್ಬಗಳು ಬಟ್ಟೆಯ ಪರದೆಯ ಮೇಲೆ ಬಣ್ಣದಲ್ಲಿ ಬರೆದಂಥವು, ಗಾಳಿ ಬಂದರೆ ದಿಬ್ಬವೇ ಅಲುಗಾಡುತ್ತದೆ. ಡೇರೆಯೊಳಗೆ ತೂಗುದೀಪ, ಹಣ್ಣಿನ ತಟ್ಟೆ, ಕುಣಿಯುವ ಹೆಂಗಸರು. ನಮ್ಮೂರಲ್ಲಿ ಆಷಾಢದ ಗಾಳಿ ಒಂದು ಸಲ ಬೀಸಿದರೆ ಬಾಯಿ ತುಂಬ ಮಣ್ಣು. ಅಲ್ಲಿ ಬಿರುಗಾಳಿಯಿಂದ ಎದ್ದು ಬಂದ ನಾಯಕಿಯ ತುಟಿಯ ಬಣ್ಣ ಕೂಡ ಅಳಿಸಿರುವುದಿಲ್ಲ.

ನಮ್ಮ ಯಜಮಾನರು ನಿವೃತ್ತ ಭೂಗೋಳದ ಮೇಷ್ಟ್ರು. ಇಂಥವನ್ನು ಕಂಡರೆ ಅವರಿಗೆ ಮೈ ಉರಿ. ಹಾಗಾಗಿ ಅವರು ಗೌರಸಮುದ್ರದ ಕಡೆಯ ಹೊಲಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಅತ್ತೆಗೆ ಒಂದು ಚಿತ್ರ ಹಾಕಿ ತೋರಿಸಿದೆ. ಹಾಳು ಪಟ್ಟಣವೊಂದನ್ನು ಹುಡುಕಿ ಬಂದ ಪ್ರೊಫೆಸರನ ಮಗಳನ್ನು ಡಕಾಯಿತರ ನಾಯಕ ಹೊತ್ತೊಯ್ಯುತ್ತಾನೆ. ಅವಳನ್ನು ಬಿಡಿಸಲು ಇಂಗ್ಲಿಷ್ ಸೈನ್ಯಾಧಿಕಾರಿ ಹೊರಡುತ್ತಾನೆ. ಅತ್ತೆಗೆ ಇಂಗ್ಲಿಷ್ ಬಾರದು, ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ.

ಡಕಾಯಿತ ಬಂದ ಕೂಡಲೇ ಅತ್ತೆ ಕೇಳಿದರು: "ಇವ್ನು ಮಖಕ್ಕೆ ಏನು ಬಳ್ಕಂಡವ್ನೆ?"

"ಬಣ್ಣ, ಅತ್ತೆ. ಬಿಳೀ ಮನುಷ್ಯನ್ನ ಅರಬ್ಬಿ ಮಾಡ್ಯಾರೆ."

"ಕುತ್ತಿಗೆ ಬಳಿಯಾಕೆ ಮರ್ತವ್ರೆ ನೋಡು, ಪಾಪಂ."

ಡೇರೆಯಲ್ಲಿ ಅವನು ನಾಯಕಿಯ ಮುಖದ ಹತ್ತಿರ ಮುಖ ತಂದ. ಏನೋ ಪಿಸುಗುಟ್ಟಿದ.

"ಏನಂದ?"

"ಊಟ ಆತಾ ಅಂದ, ಅತ್ತೆ."

"ಅಷ್ಟು ಹತ್ರ ಹೋಗಿ ಕೇಳ್ಬೇಕಾ? ಆ ಹುಡುಗೀಗೆ ಕಿವಿ ಕೇಳಲ್ವಾ?"

ಅಲ್ಲಿಂದ ದಿನಾ ಮಧ್ಯಾಹ್ನ ಅದೇ ಕೆಲಸ. ವ್ಯಾಯಾಮ ಮಾಡಿಸಲು ಬರುವ ಹುಡುಗಿಗೆ ಕಾಲು ಮಡಚಲು ಒಪ್ಪದ ಅತ್ತೆ, ನಾಯಕಿ ಕುದುರೆ ಏರಿದಾಗ ತಾವೇ ಕಾಲು ಎತ್ತಿಬಿಡುತ್ತಿದ್ದರು.

ಒಂದು ದಿನ ಯಜಮಾನರು ಬೇಗ ಬಂದು ನೋಡಿಬಿಟ್ಟರು. ಬಾಗಿಲಲ್ಲೇ ಪಾಠ ಶುರುವಾಯಿತು. ಆ ಅಮೆರಿಕದ ಕಳ್ಳಿ ಅಲ್ಲಿ ಬೆಳೆಯುವುದಿಲ್ಲ, ದಿಬ್ಬದ ನೆರಳು ಎರಡು ಕಡೆ ಬಿದ್ದಿದೆ, ಇದು ಅರಬ್ಬರಿಗೆ ಮಾಡುವ ಅವಮಾನ. ಅವರು ಹೇಳಿದ್ದೆಲ್ಲ ನಿಜವೇ, ಅದೇ ತೊಂದರೆ. ಮರುದಿನ ತಾವೇ ಒಂದು ಒಳ್ಳೆಯ ಸಾಕ್ಷ್ಯಚಿತ್ರ ಹುಡುಕಿ ಹಾಕಿದರು. ನಿಜವಾದ ಮರುಭೂಮಿ. ಬಿಸಿಲು, ಕುರುಚಲು ಗಿಡ, ಒಣ ಹುಲ್ಲು, ದೂರದಲ್ಲಿ ಎರಡು ಕುರಿ, ಮಾತೇ ಇಲ್ಲದ ಗಾಳಿ.

ಅತ್ತೆ ಬಹಳ ಹೊತ್ತು ಸಹಿಸಿದರು.

"ಲೇ, ಇದು ನಮ್ಮ ಕುರಿ ಮೇಯೋ ಉಳ್ಳಾರ್ತಿ ಕಾವಲಲ್ವೇನೋ?"

"ಅಲ್ಲ ಅವ್ವ, ಆಫ್ರಿಕಾ."

"ಯಾವ್ದಾದ್ರೇನು? ಬಾಗ್ಲು ತೆಗೆದ್ರೆ ಇದೇ ಕಾಣ್ತೈತೆ. ಇದ್ನ ನೋಡಾಕೆ ಕರೆಂಟ್ ಬೇರೆ ಸುಡ್ಬೇಕಾ? ಆ ದೀಪ ತೂಗುಬಿಟ್ಟಿರೋ ಮರಳುಗಾಡು ಹಾಕು."

ಭೂಗೋಳ ಸೋತಿತು. ಯಜಮಾನರು ಮುಖ ಗಂಟಿಕ್ಕಿಕೊಂಡು ಪೇಪರ್ ಹಿಡಿದು ಕೂತರು. ಆದರೆ ಹಾಳೆ ತಿರುವಿದ ಸದ್ದು ಬರಲಿಲ್ಲ. ನಾನು ಚಹಾ ಮಾಡಲು ಎದ್ದರೆ ಪೇಪರಿನ ಹಿಂದಿನಿಂದ, "ನಿಲ್ಲೇ ಸ್ವಲ್ಪ, ಆ ಅಧಿಕಾರಿ ಬಾವಿಯಿಂದ ಮೇಲೆ ಬರ್ಲಿ" ಎಂದರು.

ಕಾಲು ಸರಿಹೋದ ಮೇಲೆ ಅತ್ತೆ ಊರಿಗೆ ಮರಳಿದರು. ಕಳೆದ ತಿಂಗಳು ನೋಡಲು ಹೋದಾಗ ಜಗುಲಿಯ ಮೇಲೆ ಓಣಿಯ ಹೆಂಗಸರನ್ನು ಕೂರಿಸಿಕೊಂಡು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಆ ಮೊದಲ ಚಿತ್ರದ ಕಥೆಯನ್ನೇ ಹೇಳುತ್ತಿದ್ದರು. ಚಿತ್ರದಲ್ಲಿ ನಾಯಕಿ ಅಧಿಕಾರಿಯನ್ನು ಮದುವೆಯಾಗಿ ಹಡಗು ಹತ್ತುತ್ತಾಳೆ. ಅತ್ತೆಯ ಕಥೆಯಲ್ಲಿ ಅವಳು ಇಬ್ಬರಿಗೂ ಛೀಮಾರಿ ಹಾಕಿ ತವರಿಗೆ ಹೋದಳು; ಅಪ್ಪ ಆ ಹಾಳು ಪಟ್ಟಣದ ಅರ್ಧ ಭಾಗ ಅವಳ ಹೆಸರಿಗೆ ಬರೆದುಕೊಟ್ಟ.

ಪಕ್ಕದ ಮನೆಯಾಕೆ ನನ್ನತ್ತ ತಿರುಗಿ, "ನೀವೂ ನೋಡೀರಂತಲ್ರಿ. ಹಂಗೇ ಆಗೈತಾ?" ಎಂದು ಕೇಳಿದಳು.

ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಹಂಗೇ ಆಗೈತೆ" ಎಂದೆ.